ವಠಾರದಲ್ಲಿ ಉಬ್ಬರ

ಮನೆಗೆ ಬಂದು ವರ್ಷ ಕಳೆದರೂ ಇಂಥದ್ದು ಬೇಕು ಎಂದು ಒಂದು ದಿನವೂ ಬಾಯಿ ಬಿಡದಿದ್ದ ಸೊಸೆ ಕೊನೆಗೂ ಒಂದು ಕೇಳಿದಳು. ಕೇಳಿದ್ದು ಏಡಿ.

ನರಸಮ್ಮ ಕೇರುತ್ತಿದ್ದ ಮೊರವನ್ನು ಹಾಗೇ ಕೆಳಗಿಟ್ಟಳು. "ಏನಂದೆ? ಇನ್ನೊಂದ್ ಸಲ ಹೇಳು."

ಏಳು ತಿಂಗಳ ಬಸುರಿ ಅಂಬುಜಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕೇಳಬಾರದ್ದನ್ನು ಕೇಳಿಬಿಟ್ಟೆನೇನೋ ಎಂಬಂತೆ ಸೆರಗಿನ ತುದಿ ತಿರುಚುತ್ತ, "ಏನಿಲ್ಲ ಅತ್ತೆ. ಏಡಿ ಸಾರು ತಿನ್ನಬೇಕು ಅನಿಸ್ತದೆ. ಅಷ್ಟೇ" ಎಂದಳು.

"ಅಷ್ಟಕ್ಕೆ ಇಷ್ಟು ಮುದುಡ್ಕೊಂಡು ಹೇಳ್ತೀಯಲ್ಲೇ! ಬಸುರಿ ಬಯಕೆ ತೀರಿಸ್ದೆ ಹೋದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ. ನನ್ನ ಮೊಮ್ಮಗು ಕಿವೀಗೆ ಹತ್ತಿ ಇಟ್ಕೊಂಡು ತಿರುಗ್ಬೇಕಾ?"

ಅಂಬುಜಾ ನಗಲಿಲ್ಲ. ಒಳಗೆ ಹೋದಳು.

ಎಂಬತ್ತರ ದಶಕದ ಆ ದಿನಗಳಲ್ಲಿ ಬೆಂಗಳೂರಿನ ವಿಜಯನಗರದ ಅರ್ಧಕ್ಕರ್ಧ ಸೈಟುಗಳಲ್ಲಿ ಮನೆಗಿಂತ ಹುಲ್ಲೇ ಹೆಚ್ಚು ಬೆಳೆದಿತ್ತು. ಪಕ್ಕದಲ್ಲೇ, ನರಸಮ್ಮ ಇದ್ದ ಹೊಸಹಳ್ಳಿಯ ಹಳೆಯ ವಠಾರಗಳಲ್ಲಿ ಹೆಂಚಿನ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದವು. ಬಿನ್ನಿಪೇಟೆಯ ಮಿಲ್ಲು ಕೂಗಿದರೆ ಇಲ್ಲಿ ಒಲೆಯ ಮೇಲೆ ಎಸರಿಡಬೇಕು ಎಂದು ಅರ್ಥ. ನರಸಮ್ಮನ ಗಂಡ ಬೆಟ್ಟಯ್ಯ ಅದೇ ಕೂಗಿಗೆ ಎದ್ದು, ಅದೇ ಕೂಗಿಗೆ ಮನೆಗೆ ಬಂದು, ಆಯಸ್ಸು ಮುಗಿಸಿಕೊಂಡು ಹೋಗಿದ್ದ. ಅವನಿಲ್ಲದಿದ್ದರೂ ಕೂಗು ಕೇಳಿದಾಗಲೆಲ್ಲ ನರಸಮ್ಮನ ಕೈ ಅಕ್ಕಿಯ ಡಬ್ಬಕ್ಕೆ ಹೋಗುತ್ತಿತ್ತು. ವಠಾರಕ್ಕೆಲ್ಲ ಒಂದೇ ನಲ್ಲಿ. ನೀರು ದಿನ ಬಿಟ್ಟು ದಿನ. ಬಚ್ಚಲುಗಳ ಹಿಂದೆ ಅಷ್ಟೂ ಮನೆಗಳ ನೀರು ಹರಿದು ನಿಂತ ಕೆಸರುಗುಂಡಿ, ಅದರ ದಡದಲ್ಲಿ ಕೆಸುವಿನೆಲೆ, ಪಕ್ಕದ ಮನೆಯ ಶಿವಗಂಗಮ್ಮನ ಬಾಳೆಗಿಡ.

ಮಗ ವೆಂಕಟಗಿರಿ ಸರ್ಕಾರಿ ಬಸ್ಸಿನ ಡ್ರೈವರು. ಕುಂದಾಪುರದ ರಾತ್ರಿ ಬಸ್ಸು ಓಡಿಸುತ್ತಿದ್ದಾಗ ಅಲ್ಲಿನ ಬಂದರಿನ ಪಕ್ಕದ ಚಹದಂಗಡಿಯಲ್ಲಿ ಅಂಬುಜಾಳನ್ನು ನೋಡಿದ್ದ. ಮೀನುಗಾರರ ಹುಡುಗಿ, ತಾಯಿಯಿಲ್ಲದವಳು. ಅವಳ ಅಪ್ಪನಿಗೆ ಘಟ್ಟದ ಮೇಲಿನ ಈ ಅಳಿಯ ಬೇಡವಾಗಿದ್ದ. ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಯಿತು. ಅಪ್ಪ "ನನಗೆ ಮಗಳಿಲ್ಲ" ಎಂದುಬಿಟ್ಟ. ವೆಂಕಟಗಿರಿಯೂ ಆ ರೂಟು ಬಿಟ್ಟು ಕೋಲಾರದ ಕಡೆ ಹಾಕಿಸಿಕೊಂಡ. ಮಾವನ ಕಣ್ಣಿಗೆ ಬೀಳುವ ಧೈರ್ಯ ಅವನಿಗೂ ಇರಲಿಲ್ಲ.

ಅಂಬುಜಾ ಬಂದ ಹೊಸದರಲ್ಲಿ ಕೊಡ ಹಿಡಿದು ನಲ್ಲಿಯ ಸಾಲಿನಲ್ಲಿ ನಿಂತು, ನೀರು ಬರುತ್ತಿಲ್ಲವಾ ಎನ್ನುವುದನ್ನು ತನ್ನೂರ ಮಾತಿನಲ್ಲಿ "ನೀರ್ ಬತ್ತಿಲ್ಯಾ?" ಎಂದು ಕೇಳಿದ್ದಳು. ಸಾಲಿಗೆ ಸಾಲೇ ನಕ್ಕಿತ್ತು. ವಾರಗಟ್ಟಲೆ ವಠಾರದ ಹೆಂಗಸರು ಒಬ್ಬರನ್ನೊಬ್ಬರು "ಬತ್ತಿಲ್ಯಾ, ಬತ್ತಿಲ್ಯಾ" ಎಂದು ಕೂಗಿಕೊಂಡರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮಾತು ಮುದ್ದಾಗಿದೆ ಎಂದು ನರಸಮ್ಮನೂ ಜೋರಾಗಿ ನಕ್ಕಿದ್ದಳು. ಆದರೆ ಅಂದಿನಿಂದ ಆ ಹುಡುಗಿ ತನ್ನ ಮಾತನ್ನು ಬಾಯಿಯೊಳಗೇ ಇಟ್ಟುಕೊಂಡಳು. ಆಡಿದರೆ ಪುಸ್ತಕದಲ್ಲಿ ಓದಿದ ಹಾಗೆ ಅಳೆದು ಆಡುವುದು. ಬಡಿಸಿದ್ದನ್ನು ಉಣ್ಣುವುದು, ಮುದ್ದೆಯನ್ನು ಮಾತ್ರ ಅರ್ಧ ಮುರಿದು ಪಕ್ಕಕ್ಕಿಡುವುದು. ಬೈಯುವುದಿಲ್ಲ, ಅಳುವುದಿಲ್ಲ, ಬೇಕು ಬೇಡ ಎನ್ನುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ತನ್ನೂರಿನ ಬಸ್ಸಿಗೆ ಕಾದು ಕುಳಿತವರ ಹಾಗೆ ಇವಳು ನನ್ನ ಮನೆಯಲ್ಲಿ ಕುಳಿತಿದ್ದಾಳೆ ಎಂದು ನರಸಮ್ಮನಿಗೆ ಅನ್ನಿಸುತ್ತಿತ್ತು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ಎಲ್ಲರ ಪದ್ಧತಿ. ಇವಳಿಗೆ ತವರಿನ ಬಾಗಿಲು ಮುಚ್ಚಿದೆ, ಈ ಬಾಗಿಲೊಳಗೆ ಇವಳೇ ಬರಲೊಲ್ಲಳು.

ಈಗ ಏಡಿ ಕೇಳಿದ್ದಾಳೆ. ಹೇಗಾದರೂ ತಂದುಕೊಡಬೇಕು.

ಮಾರನೆಯ ದಿನವೇ ನರಸಮ್ಮ ಚೀಲ ಹಿಡಿದು ಕೆಂಗೇರಿ ಬಸ್ಸು ಹತ್ತಿದಳು. ಕೆಂಗೇರಿಯಾಚೆ, ವೃಷಭಾವತಿಯ ದಡದಲ್ಲಿ ಅವಳ ತವರು. ಚಿಕ್ಕಂದಿನಲ್ಲಿ ಅಲ್ಲಿ ಏಡಿ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನಾಟಿ ಮುಗಿದ ಗದ್ದೆಯ ಬದುವಿನಲ್ಲಿ ತೂತು ಕಂಡರೆ ಮೊಣಕೈವರೆಗೆ ತೂರಿಸಿ, ಬೆನ್ನ ಚಿಪ್ಪನ್ನು ಹಿಡಿದು ಎಳೆದು ಲಂಗದ ಮಡಿಲಿಗೆ ಹಾಕಿಕೊಳ್ಳುವಳು. ಅವ್ವ ಕಾಲುಗಳನ್ನು ಒರಳಲ್ಲಿ ಕುಟ್ಟಿ, ರಸ ಹಿಂಡಿ, ಹುರಿಗಡಲೆ ಕಾರ ಹಾಕಿ ಸಾರು ಮಾಡಿದರೆ ಬೀದಿಯಾಚೆಯ ನೆಗಡಿಯೂ ಓಡಿಹೋಗುತ್ತಿತ್ತು.

ಬಸ್ಸಿಳಿದು ನಡೆದರೆ ಮೊದಲು ಎದುರಾದದ್ದು ವಾಸನೆ. ಹೊಳೆಯ ಮೇಲೆ ನೊರೆ ಗುಡ್ಡೆಗುಡ್ಡೆಯಾಗಿ ತೇಲುತ್ತಿತ್ತು. ಅವಳು ಈಜು ಕಲಿತ ಮಡುವಿನಲ್ಲಿ ನೀರು ಮಸಿಯ ಬಣ್ಣ.

ಅಣ್ಣ ಹನುಮಯ್ಯ ತಂಗಿಯ ಕೈಯಲ್ಲಿದ್ದ ಚೀಲ ನೋಡಿ ಗೊಳ್ಳೆಂದು ನಕ್ಕ. "ಏಡೀನಾ? ಈ ನೀರಲ್ಲಿ ಕಾಲಿಟ್ರೆ ನಿನ್ನ ಕಾಲೇ ವಾಪಸ್ ಬರಲ್ಲ ಕಣಮ್ಮಿ. ಬೆಂಗಳೂರೆಲ್ಲಾ ತೊಳ್ಕೊಂಡಿದ್ದು ಇಲ್ಲೇ ಬರೋದು. ನೀನೂ ಬಟ್ಟೆ ಒಗೆದು ಇಲ್ಲಿಗೇ ಕಳಿಸ್ತಿದೀಯ, ಈಗ ಏಡಿ ಕೇಳಕ್ ಬಂದವ್ಳೆ!"

ಮಡುವಿನ ದಡದಲ್ಲಿ ಅವಳು ಸ್ವಲ್ಪ ಹೊತ್ತು ನಿಂತಳು. ನಿಂತು ಮಾಡುವುದೇನಿರಲಿಲ್ಲ. ಅಣ್ಣ ಕೊಟ್ಟ ಅವರೆಕಾಯಿ ತುಂಬಿಕೊಂಡು ಮನೆಗೆ ಬಂದಳು.

"ಸಿಗಲಿಲ್ಲ ಕಣೇ," ಎಂದಾಗ ಅಂಬುಜಾಗೆ ಪಾಪ ಎನ್ನಿಸಿರಬೇಕು. "ಬಿಡಿ ಅತ್ತೆ. ನಾನು ಹೇಳಿದ್ದು ಗದ್ದೆಯ ಏಡಿ ಅಲ್ಲ. ಕಾಂಡ್ಲದ್ದು."

"ಕಾಂಡ್ಲ ಅಂದ್ರೇನೇ?"

"ಅಳಿವೆಯ ಬದಿಯ ಕಾಡು. ನದಿ ನೀರೂ ಸಮುದ್ರದ ನೀರೂ ಸೇರುವಲ್ಲಿ, ಉಪ್ಪು ಕೆಸರಲ್ಲಿ ಬೇರು ಊರಿಕೊಂಡು ಮರಗಳು ನಿಂತಿರ್ತವೆ. ಉಬ್ಬರ ಬಂದಾಗ ಮುಳುಗಿ, ಇಳಿತಕ್ಕೆ ಬೇರೆಲ್ಲ ಕಾಣ್ತವೆ. ಅದರ ಬುಡದಲ್ಲಿ…" ಅಷ್ಟರಲ್ಲಿ ತಾನು ಬಹಳ ಮಾತಾಡಿದೆ ಎನ್ನಿಸಿತೋ ಏನೋ, ಅವರೆಕಾಯಿ ಸುಲಿಯಲು ಕುಳಿತಳು.

ಆ ಅರ್ಧ ಮಾತಿನ ಉಳಿದರ್ಧ ಕೇಳಬೇಕೆಂದು ನರಸಮ್ಮನಿಗೆ ಎಷ್ಟು ಆಸೆಯಾಯಿತೆಂದರೆ, ಅಂದೇ ಮಗನನ್ನು ಹಿಡಿದಳು. "ಲೋ ಗಿರಿ, ನೀನಂತೂ ಆ ಕಡೆ ತಲೆ ಹಾಕಲ್ಲ. ಹೋಗೋರ ಕೈಲಾದ್ರೂ ತರಿಸೋ."

ಕುಂದಾಪುರದ ಬಸ್ಸು ಈಗ ಜಂಬಣ್ಣನದು. ಬಳ್ಳಾರಿ ಕಡೆಯವನು, ಬಿನ್ನಿಪೇಟೆಯಲ್ಲಿ ಬಾಡಿಗೆ ಮನೆ, ಬಾಯಿ ದೊಡ್ಡದು. ವೆಂಕಟಗಿರಿ ಹೇಳಿದ್ದಕ್ಕೆ ಹೂಂ ಎಂದ. ಒಂದು ಟ್ರಿಪ್ಪು ಆಯಿತು, ಎರಡಾಯಿತು, ಏಡಿ ಬರಲಿಲ್ಲ. ಮರೆತಿರಬೇಕು ಎಂದುಕೊಂಡರು.

ಒಂದು ಬೆಳಿಗ್ಗೆ ವೆಂಕಟಗಿರಿ ಅಂಬುಜಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ನೀರು ಬರುವ ದಿನ. ನರಸಮ್ಮ ಹಂಡೆ, ಕೊಳಗ, ಬಕೀಟು ಎಲ್ಲ ತುಂಬಿಸಿ ಸೊಂಟ ಹಿಡಿದುಕೊಂಡು ನಿಂತಿದ್ದಳು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಜಂಬಣ್ಣ ಬಂದ.

"ಯವ್ವಾ, ತಗೋರಿ ನಿಮ್ಮ ಏಡಿ. ನನ್ನ ಬಸ್ಸಿನ ಟಾಪೆಲ್ಲ ನಾತ ಹಿಡದೈತಿ."

"ಯಾರ ಹತ್ರ ತಂದ್ಯಪ್ಪಾ?"

"ಬಂದರದಾಗ ನಿಂತು, ನಮ್ಮ ಗಿರಿ ಹೇಣ್ತಿಗೆ ಬಯಕಿ ಆಗೇತಿ, ಏಡಿ ಬೇಕು ಅಂತ ಕೂಗಿ ಕೇಳಿದೆ ನೋಡ್ರಿ. ಮೂಲ್ಯಾಗ ಬಲಿ ಹೊಲಕೋತ ಕುಂತಿದ್ದ ಒಬ್ರು ಮುದುಕ್ರು ಎದ್ದು ಬಂದ್ರು. 'ಈಗ ಬೇಡ, ಅಮಾಸೆ ಬರ್ಲಿ' ಅಂದು ಹೋಗೇಬಿಟ್ರು. ಏಡಿ ತಿನ್ನಾಕ ಪಂಚಾಂಗ ನೋಡೂ ಮಂದೀನ ಇದೇ ಮೊದಲ ಕಂಡಿದ್ದು ನಾ. ನಿನ್ನೆ ಬಸ್ ಬಿಡೂ ಹೊತ್ತಿಗೆ ಬಂದು ಚೀಲ ಕೈಯಾಗ ಇಟ್ರು. ರೊಕ್ಕ ಕೊಡಾಕ ಹೋದ್ರ ತಿರುಗಿ ಸೈತ ನೋಡಲಿಲ್ಲ." ಇಷ್ಟು ಹೇಳಿ ಅವನು ನಿದ್ದೆ ಮಾಡಲು ಹೋದ.

ನರಸಮ್ಮ ಚೀಲ ಬಿಚ್ಚಿದಳು. ಒದ್ದೆ ಎಲೆಗಳ ನಡುವೆ ಐದು ಏಡಿ. ಅವಳ ಗದ್ದೆಯ ಏಡಿಗಳು ಇವುಗಳ ಮುಂದೆ ಕೂಸುಗಳು. ಒಂದೊಂದೂ ಊಟದ ತಟ್ಟೆಯ ಅಗಲ, ಹಸಿರುಗಪ್ಪು ಚಿಪ್ಪು, ಬಾಳೆಕಾಯಿ ಗಾತ್ರದ, ಇಕ್ಕಳದಂಥ ಕೊಂಬುಗಳು. ಕೊಂಬುಗಳನ್ನು ಮೈಗೆ ಒತ್ತಿ ತೆಂಗಿನ ನಾರಿನ ಹುರಿಯಿಂದ ಬಿಗಿದಿತ್ತು. ಬಾಯಲ್ಲಿ ಬುಳುಬುಳು ನೊರೆ.

ಅಯ್ಯೋ, ರಾತ್ರಿಯಿಡೀ ಬಸ್ಸಿನ ಮೇಲೆ ಗಾಳಿಗೆ ಒಣಗಿವೆ. ನೊರೆ ಕಾರುತ್ತಿವೆ, ಬಾಯಾರಿಕೆ! ಚಿಕ್ಕಂದಿನಲ್ಲಿ ಹಿಡಿದ ಏಡಿಯನ್ನು ಕೊಡದ ನೀರಿಗೆ ಹಾಕಿಟ್ಟರೆ ಸಂಜೆವರೆಗೂ ಸರಭರ ಎನ್ನುತ್ತಿದ್ದವಲ್ಲ. ಸೊಸೆ ಬರುವ ಹೊತ್ತಿಗೆ ಇವು ಲವಲವಿಕೆಯಿಂದ ಇರಬೇಕು. ಒಂದರ ಹುರಿ ಬಹಳ ಬಿಗಿಯಾಯಿತೆನ್ನಿಸಿ ಈಳಿಗೆಮಣೆಗೆ ಉಜ್ಜಿ ಕೊಯ್ದಳು. ಅದು ಅವಳ ಕೈಯಿಂದ ನೆಗೆದು, ಪಾತ್ರೆಗಳನ್ನು ಉರುಳಿಸಿಕೊಂಡು, ಬಚ್ಚಲ ಮೋರಿಯಿಂದ ಹಿತ್ತಿಲಿಗೆ ಹೋಗೇಬಿಟ್ಟಿತು. ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಶಿವಗಂಗಮ್ಮ "ಶಿವನೇ!" ಎಂದು ಚೀರಿ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು.

"ಏನ್ರೀ ನರಸಮ್ಮಾರೇ, ಇದೇನ್ ಬಿಟ್ರೀ ನನ್ನ ಮೇಲೆ! ಲಿಂಗ ಕಟ್ಟಿದ ಮೈ ನಂದು, ಮುಟ್ಟಿಬಿಟ್ಟಿದ್ರೆ?"

"ಮುಟ್ಟಿದ್ರೆ ನೀವು ಸಾಯ್ತಿರ್ಲಿಲ್ಲ, ಅದು ಸಾಯ್ತಿತ್ತು ಹೆದರ್ಕೊಂಡು. ಇಳೀರಿ ಕೆಳಗೆ."

ಅದು ಎಲ್ಲಿ ಹೋಯಿತೋ ಕಾಣಲಿಲ್ಲ. ಉಳಿದ ನಾಲ್ಕನ್ನೂ ನರಸಮ್ಮ ಜೋಪಾನವಾಗಿ ತುಂಬಿದ ಹಂಡೆಗೆ ಬಿಟ್ಟು, ಮೇಲೆ ಹಲಗೆ ಮುಚ್ಚಿ, ಕಾರ ಅರೆಯಲು ಕುಳಿತಳು.

ಕಾರ ನುಣ್ಣಗಾಗಿ, ಅನ್ನ ಬೆಂದು, ಮಧ್ಯಾಹ್ನ ತಿರುಗಿದ ಮೇಲೆ ಹಲಗೆ ಸರಿಸಿದಳು. ಹಂಡೆಯ ತಳದಲ್ಲಿ ಅವು ಕಲ್ಲುಗಳ ಹಾಗೆ ಕುಳಿತಿದ್ದವು. ಎತ್ತಿದರೆ ಕಾಲುಗಳು ಹಸಿ ದಾರದ ಹಾಗೆ ಜೋತುಬಿದ್ದವು.

ಗೋಡೆಯಾಚೆಯಿಂದ ಇಣುಕಿದ ಶಿವಗಂಗಮ್ಮನಿಗೂ ಇದು ಅರ್ಥವಾಯಿತು. "ಅಳಬ್ಯಾಡ್ರಿ. ಬಸ್ಸಲ್ಲೇ ಸತ್ತಿದ್ವು ಅಂದ್ಬಿಡಿ. ಯಾರು ಕಂಡವ್ರೆ? ಹೊಟ್ಟೇಲಿ ಮಗು ಇರೋಳಿಗೆ ನೀವೇ ಕೊಂದ್ರಿ ಅಂತ ಯಾಕೆ ಹೇಳ್ತೀರಿ?"

ಅದೂ ಸರಿಯೇ ಎನ್ನಿಸಿತು. ಒಂದು ವರ್ಷ ಕಾದು ಕೇಳಿದ ಒಂದೇ ಒಂದು ಮಾತು. ಅದನ್ನೂ ಅತ್ತೆ ಹಾಳುಮಾಡಿದಳೆಂದು ತಿಳಿದರೆ ಆ ಹುಡುಗಿ ಇನ್ನೆಂದಾದರೂ ಈ ಮನೆಯಲ್ಲಿ ಬಾಯಿ ತೆರೆದಾಳೇ? ನರಸಮ್ಮ ಸತ್ತ ಏಡಿಗಳನ್ನು ಚೀಲಕ್ಕೆ ಹಾಕಿ, ಮೊದಲಿದ್ದ ಹಾಗೇ ಎಲೆ ಮುಚ್ಚಿದಳು. ಕೊಯ್ದ ಹುರಿಯನ್ನೂ ಅದರಲ್ಲೇ ತುರುಕಿದಳು.

ಅಂಬುಜಾ ಬಂದವಳು ಹೊಸಿಲಲ್ಲೇ ನಿಂತು ಮೂಗರಳಿಸಿದಳು. ಚಪ್ಪಲಿ ಬಿಡುವುದನ್ನೂ ಮರೆತು ಚೀಲದ ಮುಂದೆ ಕುಕ್ಕರಿಸಿದಳು. ಒಂದು ಏಡಿ ಎತ್ತಿದಳು. ಅವಳ ಕಣ್ಣು ಹೋದದ್ದು ಏಡಿಯ ಮೇಲಲ್ಲ, ಹುರಿಯ ಗಂಟಿನ ಮೇಲೆ. ಅಡ್ಡ ಒಂದು ಸುತ್ತು, ಅದರ ಕೆಳಗಿಂದ ನುಸುಳಿಸಿ ತಂದು ಹಿಂದುಗಡೆ ಸಿಕ್ಕಿಸಿದ ಕುಣಿಕೆ.

"ಅಪ್ಪಯ್ಯ," ಎಂದಳು. ಮತ್ತೆ, ಗಂಡನ ಕಡೆ ತಿರುಗಿ, "ಕಾಣಿ, ಇದು ಅಪ್ಪಯ್ಯನ ಗಂಟು! ನಮ್ಮ ಬಂದರಲ್ಲಿ ಬೇರೆ ಯಾರೂ ಹೀಗೆ ಕಟ್ಟುವುದಿಲ್ಲ. ಬಲಗೈ ಬೆರಳು ಏಡಿ ಮುರಿದ ಮೇಲೆ ಎಡಗೈಯಲ್ಲಿ ಕಟ್ಟೂಕೆ ಕಲಿತದ್ದು."

ಜಂಬಣ್ಣ ಹೇಳಿದ ಮುದುಕ ಯಾರೆಂದು ನರಸಮ್ಮನಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಅಂಬುಜಾಳ ಕೈ ಏಡಿಯ ಕಾಲುಗಳನ್ನು ಮುಟ್ಟಿತ್ತು. ಅವು ಜೋತಾಡಿದವು. ಇನ್ನೊಂದನ್ನು ಎತ್ತಿದಳು. ಮತ್ತೊಂದನ್ನು. ಮುಖದ ಮೇಲೆ ಬಂದಿದ್ದ ಬೆಳಕು ಬಂದ ದಾರಿಯಲ್ಲೇ ಹೋಯಿತು.

"ಸತ್ತದ್ದು ಕಳಿಸಿದ್ರಾ?" ಎಂದು ಯಾರನ್ನೂ ಕೇಳದೆ ಕೇಳಿದಳು. "ಸತ್ತ ಏಡಿ ನಮ್ಮಲ್ಲಿ ನಾಯಿಗೂ ಹಾಕುವುದಿಲ್ಲ. ಬೇಕೆಂದೇ ಸತ್ತದ್ದು ಕಟ್ಟಿ ಕಳಿಸಿದ್ರಾ ಅಪ್ಪಯ್ಯ?"

ನರಸಮ್ಮನ ಬಾಯಿಗೆ ಬಂದಿದ್ದ ಸುಳ್ಳು ಅಲ್ಲೇ ಒಣಗಿತು. ಈಗ ಆ ಸುಳ್ಳು ಹೇಳಿದರೆ, ಬಸ್ಸಿನವರೆಗೂ ನಡೆದುಬಂದ ಒಬ್ಬ ಅಪ್ಪನನ್ನು ಮಗಳ ಪಾಲಿಗೆ ಇಲ್ಲವಾಗಿಸಿದ ಹಾಗೆ.

"ನಾನು ಕಣೇ," ಎಂದಳು. "ಜೀವ ಇತ್ತು. ಎಲ್ಲಕ್ಕೂ ಜೀವ ಇತ್ತು. ಬಾಯಾರಿದೆ ಅಂತ ಹಂಡೆ ನೀರಿಗೆ ಬಿಟ್ಟೆ. ನಾನೇ ಕೊಂದೆ."

ಅಂಬುಜಾ ಅತ್ತೆಯನ್ನೇ ನೋಡಿದಳು. ನಂತರ ಆದದ್ದನ್ನು ವಠಾರ ಬಹಳ ದಿನ ನೆನೆಸಿಕೊಂಡಿತು.

"ನೀರಗ್ ಹಾಕೂಕ್ ಆತ್ತಾ ಅತ್ತೆ!" ಎಂದು ಹೆಂಚು ಹಾರಿಹೋಗುವ ಹಾಗೆ ಕೂಗಿದಳು. "ಎಂತ ಮಾಡಿದ್ರಿ ನೀವ್? ಅದೇನ್ ಎಮ್ಮೆಯಾ, ನೀರ್ ಕುಡಿಸೂಕೆ? ಮೈ ಚಂಡಿ, ಒದ್ದೆ ಇದ್ರೆ ಸಾಕ್ ಅದಕ್ಕೆ, ದಿನಗಟ್ಲೆ ಬದುಕ್ತ್! ಕೈ ಕಟ್ಟಿ, ನಿಂತ ನೀರಗ್ ಮುಳುಗಿಸಿ, ಮೇಲೆ ಹಲ್ಗಿ ಮುಚ್ರೆ ಉಸ್ರು ಕಟ್ಟಿ ಸಾಯ್ದೆ ಇನ್ನೆಂತ ಮಾಡತ್ತ್? ನಿಮ್ಮನ್ನ್ ಹಾಂಗೆ ಕಟ್ಟಿ ಮುಳುಗಿಸಿರೆ ಹ್ಯಾಂಗಾತ್ತ್? ನಾನ್ ಬಪ್ಪಲ್ಲಿವರೆಗೆ ಕಾದ್ ಒಂದ್ ಮಾತ್ ಕೇಳೂಕ್ ಆತಿರ್ಲಿಲ್ಯಾ?"

ವೆಂಕಟಗಿರಿ ಬಾಯಿ ತೆರೆದ. ನರಸಮ್ಮ ಕೈಯೆತ್ತಿ ಅವನನ್ನು ತಡೆದಳು. ಸೊಸೆಯ ಬಾಯಿಂದ ಹೊಳೆಯ ಹಾಗೆ ಹರಿದುಬಂದ ಆ ಮಾತಿನಲ್ಲಿ ಕೆಲವು ಅವಳಿಗೆ ತಿಳಿದವು, ಕೆಲವು ತಿಳಿಯಲಿಲ್ಲ. ತಪ್ಪು ಮಾಡಿದ ಮಗುವಿನಂತೆ ತಲೆ ತಗ್ಗಿಸಿ ನಿಂತಿದ್ದರೂ ಅವಳ ಎದೆಯ ಮೂಲೆಯಲ್ಲೆಲ್ಲೋ ಏನೋ ಸಡಿಲವಾಗುತ್ತಿತ್ತು. ಬೈತಿದಾಳೆ. ನನ್ನ ಸೊಸೆ ನನಗೆ ಬೈತಿದಾಳೆ.

ಕೂಗಿ ಸುಸ್ತಾದ ಅಂಬುಜಾ ಚೀಲದೊಳಗೆ ಕೈಯಾಡಿಸಿದಳು. ಕೊಯ್ದ ಹುರಿ ಕೈಗೆ ಬಂತು. "ಇದ್ರ ಏಡಿ ಎಲ್ಲಿ?"

"ಅದು… ಓಡಿಹೋಯ್ತು. ಹಿತ್ಲಿಗೆ."

ಅಂಬುಜಾ ಸೆರಗು ಸಿಕ್ಕಿಸಿ ಎದ್ದಳು.

ಕೆಸರುಗುಂಡಿಯ ದಡದಲ್ಲಿ ಅವಳು ನಿಂತ ರೀತಿಯೇ ಬೇರೆ. ಹೊಟ್ಟೆಯ ಮೇಲೆ ಒಂದು ಕೈ, ಕಣ್ಣು ನೆಲದಲ್ಲಿ. ಬಾಳೆಯ ಬುಡದಲ್ಲಿ ಹೊಸ ಕೆಸರು ಗುಪ್ಪೆಯಾಗಿತ್ತು. ಅದರ ಪಕ್ಕ ಅರ್ಧಚಂದ್ರದಂಥ ತೂತು. "ಕಾಣಿ, ಮನೆ ಮಾಡ್ಕಂಡಿತ್ತ್," ಎಂದಳು. ಅವಳ ದನಿಯಲ್ಲಿ ಸಿಟ್ಟಿನ ಜೊತೆಗೆ ಒಂದು ಚೂರು ಹೆಮ್ಮೆಯೂ ಇತ್ತು.

ನರಸಮ್ಮ ತೋಳು ಮೇಲೇರಿಸಿದಳು. "ಸರಿ, ಈಗ ನೋಡು. ತೂತಿಗೆ ಕೈ ಹಾಕೋದು ನಂಗೆ ಹೊಸದಲ್ಲ."

ಅಂಬುಜಾ ಅವಳ ಮುಂಗೈ ಗಟ್ಟಿಯಾಗಿ ಹಿಡಿದುಬಿಟ್ಟಳು. "ಬ್ಯಾಡ! ನಿಮ್ಮ ಗದ್ದೆ ಏಡಿ ಅಲ್ಲ ಇದ್. ಚಿಪ್ಪಿ, ಬಸವನಹುಳ ಎಲ್ಲ ಒಡೆದ್ ತಿಂಬ ಕೊಂಬು. ಅಪ್ಪಯ್ಯನ ಬೆರಳ್ ಹೋದ್ದ್ ಹೀಂಗೇ." ಹಿಡಿದ ಕೈಯನ್ನು ಅವಳು ತಕ್ಷಣ ಬಿಡಲಿಲ್ಲ. "ಅದನ್ನ್ ಎಳೂಕಾಗ. ಅದೇ ಬರ್ಕ್. ಉಬ್ಬರ ಬಂದ್ರೆ ಮೇವಿಗೆ ಹೊರಗ್ ಬತ್ತ್."

"ಹೊಸಹಳ್ಳೀಲಿ ಉಬ್ಬರ ಎಲ್ಲಿಂದ ತರೋಣ?" ಎಂದ ವೆಂಕಟಗಿರಿ.

ಅಂಬುಜಾ ಅತ್ತೆಯ ಕಡೆ ನೋಡಿದಳು. "ಕಲ್ಲುಪ್ಪು ಇತ್ತಾ?"

ನರಸಮ್ಮ ಅಡಿಗೆಮನೆಯ ಉಪ್ಪಿನ ಮಡಕೆಯನ್ನೇ ಎತ್ತಿಕೊಂಡು ಬಂದಳು. ಬಕೀಟಿನ ನೀರಿಗೆ ಸುರಿದು ಕದಡಿದಾಗ ಅಂಬುಜಾ ಬೆರಳದ್ದಿ ನಾಲಿಗೆಗಿಟ್ಟು ತಲೆಯಾಡಿಸಿದಳು. "ಸಪ್ಪೆ. ನಮ್ಮ ಅಳಿವೆ ನೀರ್ ಇಷ್ಟ್ ಸಪ್ಪೆ ಇಲ್ಲ." ಸುದ್ದಿ ಅಷ್ಟು ಹೊತ್ತಿಗೆ ವಠಾರವೆಲ್ಲ ಹಬ್ಬಿತ್ತು. ಒಬ್ಬೊಬ್ಬರೂ ತಮ್ಮ ಮನೆಯ ಉಪ್ಪು ಹಿಡಿದು ಬಂದರು. ದಿನ ಬಿಟ್ಟು ದಿನ ಬರುವ ನೀರನ್ನು, ಹನಿಗಾಗಿ ಜಗಳವಾಡುವ ಹೆಂಗಸರೇ, ಕೊಡಗಟ್ಟಲೆ ತಂದು ಕೊಟ್ಟರು.

"ನಿಲ್ಲಿ, ನಿಲ್ಲಿ!" ಎಂದು ಶಿವಗಂಗಮ್ಮ ಅಡ್ಡ ಬಂದಳು. "ಉಪ್ಪುನೀರು ಸುರಿದ್ರೆ ನನ್ನ ಬಾಳೆ ಉಳಿಯುತ್ತಾ? ಗೊನೆ ಹಾಕೋ ಹೊತ್ತಾಗೈತೆ."

ಅಂಬುಜಾ ಬಕೀಟು ಕೆಳಗಿಟ್ಟಳು. ಅವಳು ಮತ್ತೆ ಮುದುಡುವುದನ್ನು ನರಸಮ್ಮ ಕಂಡಳು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶಿವಗಂಗಮ್ಮನಿಗೂ ಅದು ಕಂಡಿರಬೇಕು. ಆಕೆ ಒಳಗೆ ಹೋಗಿ ದೊಡ್ಡ ಉಪ್ಪಿನ ಭರಣಿಯನ್ನೇ ತಂದಳು.

"ಹೋಗ್ಲಿ, ಇನ್ನೊಂದು ಕಂದು ನೆಟ್ರಾಯ್ತು. ಬಸುರಿ ಹೆಣ್ಣು ಕೇಳ್ಯಾಳೆ. ಆದ್ರೆ ನಾನು ಉಪ್ಪು ಕೊಟ್ಟಿದ್ದಷ್ಟೇ. ಏಡಿ ಹಿಡಿಯೋಕೆ ಕೊಟ್ಟೆ ಅಂತ ಯಾರಾದ್ರೂ ಮಠದಲ್ಲಿ ಬಾಯಿಬಿಟ್ರೋ…"

ಮತ್ತೆ ರುಚಿ ನೋಡಿದ ಅಂಬುಜಾ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಹ್ಞಾ, ಇದ್ ನಮ್ಮ ನೀರ್," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಗುಂಡಿಗೆ ಉಬ್ಬರ ಏರತೊಡಗಿತು. ಒಮ್ಮೆಲೇ ಸುರಿಯಕೂಡದು, ನಿಧಾನ, ಇನ್ನೂ ನಿಧಾನ ಎಂದು ಅಂಬುಜಾ ಹೇಳುವಳು. ನರಸಮ್ಮ ಚೊಂಬಿನಿಂದ ಹೊಯ್ಯುವಳು. ಕಾಯುತ್ತ ಕುಳಿತಾಗ ಒಗೆಯುವ ಕಲ್ಲಿನ ಮೇಲೆ ಮತ್ತೆ ಹತ್ತಿ ಕುಳಿತಿದ್ದ ಶಿವಗಂಗಮ್ಮ ಕೇಳಿದಳು, "ಅದು ಮರಿ ಹಾಕುತ್ತೇನಮ್ಮ, ಮೊಟ್ಟೆ ಇಡುತ್ತೋ?"

ಅಂಬುಜಾ ಹೇಳಿದಳು. ಯಾರೂ ನಗಲಿಲ್ಲವೆಂದು ಕಂಡು ಇನ್ನಷ್ಟು ಹೇಳಿದಳು. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಕಳಚಿದಾಗ ಮೈ ಬೆಣ್ಣೆಯ ಹಾಗೆ, ಯಾರು ಬೇಕಾದರೂ ತಿಂದುಬಿಡಬಹುದು. ಹೆಣ್ಣು ಕೂಡುವುದೂ ಆಗಲೇ. ಅದಕ್ಕೇ ಗಂಡು ಮೊದಲೇ ಬಂದು ಅವಳನ್ನು ತನ್ನ ಹೊಟ್ಟೆಯಡಿ ಹಿಡಿದುಕೊಂಡು ದಿನಗಟ್ಟಲೆ ತಿರುಗುವುದು, ಅವಳ ಚಿಪ್ಪು ಮತ್ತೆ ಗಟ್ಟಿಯಾಗುವವರೆಗೆ ಕಾಯುವುದು.

"ನಮ್ಮ ಗಿರಿ ಹಂಗೇನಾ?" ಎಂದು ಯಾರೋ ಕೆಣಕಿದರು. ವೆಂಕಟಗಿರಿ ಚೊಂಬು ತುಂಬಿಸಲು ಹೋದ.

ಮೊಟ್ಟೆ ಬಿಡುವಾಗ ಮಾತ್ರ ಹೆಣ್ಣು ಕಾಂಡ್ಲ ಬಿಟ್ಟು ಸಮುದ್ರಕ್ಕೆ ಹೋಗುತ್ತದೆ ಎಂದಳು ಅಂಬುಜಾ. ಅಳಿವೆ ದಾಟಿ, ದೂರ. ಮರಿಗಳು ಉಗುರಿನ ಕೊಳೆಯಷ್ಟಿದ್ದಾಗಲೇ ನೀರಿನ ಜೊತೆ ತೇಲಿ ತೇಲಿ ತಿರುಗಿ ಕಾಂಡ್ಲದ ಬೇರಿಗೆ ಬಂದು ಸೇರುತ್ತವೆ. ದಾರಿ ಹೇಳಿಕೊಡುವವರು ಯಾರೂ ಇಲ್ಲ.

"ಮತ್ತೆ ಅಮಾಸೆ ಬರ್ಲಿ ಅಂದ್ರಂತಲ್ಲ ನಿಮ್ಮಪ್ಪ, ಅದ್ಯಾಕೆ?" ಎಂದು ನರಸಮ್ಮ ಮೆಲ್ಲಗೆ ಕೇಳಿದಳು.

ಅಂಬುಜಾ ಅವಳ ಕಡೆ ತಿರುಗಿದಳು. "ಹಾಂಗೆ ಅಂದ್ರಾ?" ಬಕೀಟಿನ ನೀರಲ್ಲಿ ಬೆರಳಾಡಿಸಿದಳು. "ಹುಣ್ಣಿಮೆ ಏಡಿ ಪೊಳ್ಳು, ಒಳಗೆ ನೀರೇ. ಅಮಾಸೆ ಹೊತ್ತಿಗೆ ಮೈ ತುಂಬಿರತ್ತ್ ಅಂಬ್ರ್ ನಮ್ಮಲ್ಲಿ. ನಂಗೆ ಪೊಳ್ಳು ಸಿಕ್ಕೂಕಾಗ ಅಂತ…" ಎಂದು ನಿಲ್ಲಿಸಿ ಮೂಗು ಒರೆಸಿಕೊಂಡಳು.

ತೂತಿನ ಬಾಯಲ್ಲಿ ನೀರು ಬುಳ್ ಎಂದಿತು. ಮೊದಲು ಎರಡು ಕಣ್ಣು, ಕಡ್ಡಿಯ ಮೇಲೆ ನಿಂತ ಸಾಸಿವೆ ಕಾಳುಗಳ ಹಾಗೆ. ಆಮೇಲೆ ಒಂದು ಕೊಂಬು. ಏಡಿ ಪೂರ್ತಿ ಹೊರಬಂದು, ದೋಣಿಯ ಹುಟ್ಟಿನಂಥ ಹಿಂಗಾಲುಗಳಿಂದ ಆ ಸುಳ್ಳು ಸಮುದ್ರದಲ್ಲಿ ಒಂದು ಸುತ್ತು ಈಜಿತು. ದಡಕ್ಕೆ ಬಂದದ್ದೇ ಅಂಬುಜಾ ಪಾದದಿಂದ ಅದರ ಬೆನ್ನನ್ನು ಮೆಲ್ಲಗೆ ಅದುಮಿದಳು. ಹೊಟ್ಟೆ ಅಡ್ಡಬಂದು ಬಗ್ಗಲಾಗಲಿಲ್ಲ.

"ಅತ್ತೆ, ಹಿಂದಿಂದ ಹಿಡೀನಿ, ನಿಮ್ಮ ಗದ್ದೆ ಏಡಿ ಹಿಡ್ದಾಂಗೇ!"

ನರಸಮ್ಮ ಹಿಡಿದಳು. ಎಷ್ಟೋ ವರ್ಷಗಳ ಮೇಲೆ ಅಂಗೈಯಲ್ಲಿ ಆ ಒದ್ದಾಟ, ಆ ತಣ್ಣಗಿನ ಚಿಪ್ಪು. ಮಡುವಿನ ನೀರು, ಅವ್ವನ ಒರಳು, ಲಂಗದ ಮಡಿಲು ಎಲ್ಲ ಒಟ್ಟಿಗೆ ಕೈಗೆ ಬಂದಂತಾಯಿತು. ಅಂಬುಜಾ ಮಂಡಿಯೂರಿ ಕುಳಿತು, ಹಳೆಯ ಹುರಿಯನ್ನು ಗಂಟು ಹಾಕಿ ಉದ್ದ ಮಾಡಿ, ಅಡ್ಡ ಒಂದು ಸುತ್ತು ತಂದು ಕೊಂಬು ಬಿಗಿದಳು.

ಸಾರು ಮಾಡುವಾಗ ಮತ್ತೆ ಜಗಳ. ತೆಂಗಿನಕಾಯಿ ಹುರಿಯಬೇಕೆಂದು ಸೊಸೆ, ಕಾಲು ಕುಟ್ಟಿ ರಸ ಹಿಂಡಬೇಕೆಂದು ಅತ್ತೆ. ಕಾಲು ಅತ್ತೆಯ ಒರಳಿಗೆ, ಮೈ ಸೊಸೆಯ ಬಾಣಲೆಗೆ ಹೋದವು; ಎರಡೂ ಒಂದೇ ಪಾತ್ರೆಯಲ್ಲಿ ಕುದಿದವು. ಅಂಬುಜಾ ಬೆವರೊರೆಸಿಕೊಳ್ಳುತ್ತ ಉಂಡಳು. ತಟ್ಟೆಯಲ್ಲಿದ್ದ ಮುದ್ದೆ ಪೂರ್ತಿ ಖಾಲಿಯಾದದ್ದನ್ನು ನರಸಮ್ಮ ನೋಡಿಯೂ ನೋಡದವಳಂತೆ ಇನ್ನೊಂದು ಮುರಿದು ಹಾಕಿದಳು. ವೆಂಕಟಗಿರಿಗೆ ಚಿಪ್ಪು ನೆಕ್ಕಲು ಸಿಕ್ಕಿತು.

ಮತ್ತೆ ನೀರು ಬಂದ ದಿನ ನಲ್ಲಿಯ ಬಳಿ ನರಸಮ್ಮನದ್ದೇ ಮಾತು. "ಏನ್ ಬೈದ್ಳು ಅಂತೀರಿ! ನಮ್ಮತ್ತೆ ಕೂಡ ನಂಗೆ ಹಂಗೆ ಬೈದಿರ್ಲಿಲ್ಲ. ಎಮ್ಮೆಯಾ ಅಂದ್ಳು ಕಣ್ರೀ!" ಮಗ ಪಾಸಾದ ಸುದ್ದಿ ಹೇಳುವವರ ಮುಖ ಅವಳದು.

ಬಾಳೆಯ ಎಲೆಗಳು ಆಗಲೇ ಅಂಚಿನಲ್ಲಿ ಹಳದಿಯಾಗುತ್ತಿದ್ದವು. ಶಿವಗಂಗಮ್ಮ ಅದರಿಂದ ಸ್ವಲ್ಪ ದೂರದಲ್ಲಿ, ಹೊಸ ಕಂದಿಗೆ ಗುಂಡಿ ತೋಡಿದಳು.

ಜಂಬಣ್ಣ ಮತ್ತೆ ಕುಂದಾಪುರಕ್ಕೆ ಹೊರಡುವ ದಿನ ನರಸಮ್ಮ ಗೋಣಿಚೀಲವನ್ನು ತೊಳೆದು ಒಣಗಿಸಿದಳು. ಬೀಗರ ಮನೆಯಿಂದ ಬಂದ ಚೀಲ, ಬರಿದಾಗಿ ಕಳಿಸುವುದುಂಟೇ? ಕೆಂಗೇರಿಯಿಂದ ಮತ್ತೆ ತರಿಸಿದ ಅವರೆಕಾಯಿ, ಒಂದಿಷ್ಟು ರಾಗಿಹಿಟ್ಟು ತುಂಬಿದಳು. ಬಾಯಿ ಕಟ್ಟುವುದು ಉಳಿಯಿತು.

"ಏನಾದ್ರೂ ಬರೆದು ಹಾಕ್ತೀಯೇನೇ?"

ಅಂಬುಜಾ ಬೇಡವೆಂದು ತಲೆಯಾಡಿಸಿದಳು. ಒಲೆಯ ಮೇಲಿನ ಗೂಟದಲ್ಲಿ ನೇತುಹಾಕಿದ್ದ ನಾರಿನ ಹುರಿಗಳನ್ನು ತಂದು ಹೊಸೆದು, ಚೀಲದ ಬಾಯನ್ನು ಅಪ್ಪಯ್ಯನ ಗಂಟಿನಲ್ಲಿ ಕಟ್ಟಿದಳು. "ಇಷ್ಟ್ ಸಾಕ್. ಬಿಚ್ಚುವಾಗ ಕಾಣ್ತ್ರ್."

ನರಸಮ್ಮ ಹತ್ತಿರ ಬಂದು ಕುಳಿತಳು. "ಅದನ್ನ ನಂಗೂ ಹೇಳ್ಕೊಡು. ಮುಂದಿನ ಸಲ ಅವ್ರು ಚೀಲ ಕಳಿಸಿದ್ರೆ ನಾನೇ ಕಟ್ಟಿ ವಾಪಸ್ ಕಳಿಸ್ತೀನಿ."

ಅಂಬುಜಾ ಬಿಚ್ಚಿ ತೋರಿಸಿದಳು. ನರಸಮ್ಮ ಅಡ್ಡ ಸುತ್ತಿದಳು, ಕೆಳಗಿಂದ ನುಸುಳಿಸಿದಳು, ಎಳೆದಳು; ಗಂಟಿನ ಬದಲು ಹುರಿ ಅವಳ ಹೆಬ್ಬೆರಳಿಗೇ ಬಿಗಿಯಿತು. ಅಂಬುಜಾಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಬೀದಿಗೆ ಕೇಳುವ ಹಾಗೆ ನಕ್ಕಳು.

"ಹಾಂಗಲ್ಲ ಮಾರಾಯ್ತಿ… ಅಲ್ಲ, ಅತ್ತೆ! ಚೀಲ ಕಟ್ಟಿ ಅಂದ್ರೆ ನಿಮ್ಮನ್ನೇ ಕಟ್ಕಂಡ್ರಿ!"

ಹೊರಗೆ ಜಂಬಣ್ಣ ಸೈಕಲ್ ಬೆಲ್ಲು ಬಾರಿಸುತ್ತಿದ್ದ. ನರಸಮ್ಮನಿಗೆ ಎರಡನೆಯ ಸಲಕ್ಕೇ ಗಂಟು ಅರ್ಥವಾಗಿತ್ತು. ಆದರೂ ಅವಳು ಹುರಿಯನ್ನು ಬೇಕೆಂದೇ ಮೇಲಿನಿಂದ ತಂದು, ಮತ್ತೊಂದು ಸಲ ತಪ್ಪಾಗಿ ಕಟ್ಟಿದಳು.